ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠದಲ್ಲಿ ಅತಿಥಿಯಾಗಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಬನಶಂಕರಿ ಸುಮಾ:

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮಗಳು ಈ ವರ್ಷ ಕಾಲೇಜಿಗೆ ಹೋದಳು. ಗಂಡ ಕೆಲಸದ ಮೇಲೆ ಸದಾ ಓಡಾಟದಲ್ಲಿರುತ್ತಾರೆ. ಎಲ್ಲಾದರೂ ಸುಮ್ನೆ ಮೂರ್ನಾಲ್ಕು ದಿನ ಇದ್ದು ಬರೋಣ ಅನ್ನಿಸುತ್ತಿದೆ. ರೆಸಾರ್ಟ್ ಬೇಡ. ಧ್ಯಾನ ಶಿಬಿರವೂ ಬೇಡ, ಅಲ್ಲಿ ಬೆಳಗ್ಗೆಯಿಂದ ಸಂಜೆತನಕ ಯಾರಾದರೂ ಮೈಕ್ ಹಿಡಿದು ಮಾತಾಡುತ್ತಲೇ ಇರುತ್ತಾರೆ.

ಆಫೀಸಿನ ಗೆಳತಿಯೊಬ್ಬಳು ಕನೆಕ್ಟಿಕಟ್‌ನ ಬೆಥ್ಲೆಹೆಮ್ ಎಂಬ ಊರಿನಲ್ಲಿರುವ ರೆಜಿನಾ ಲೌಡಿಸ್ ಮಠದ ಬಗ್ಗೆ ಹೇಳಿದಳು. ಕ್ರೈಸ್ತ ಸನ್ಯಾಸಿನಿಯರು ಇರುವ ಜಾಗ, ಹೊರಗಿನವರೂ ಹೋಗಿ ಉಳಿಯಬಹುದಂತೆ. ನನ್ನ ಸಂಶಯಗಳು: ನಾವು ಕ್ರೈಸ್ತರಲ್ಲ, ಅದು ತೊಂದರೆಯಾ? ಸಸ್ಯಾಹಾರ ಸಿಗುತ್ತದಾ? ದಿನವಿಡೀ ಏನು ಮಾಡುವುದು? ರಾತ್ರಿ ಎರಡು ಗಂಟೆಗೆ ಏಳಬೇಕು ಅಂತಾಳೆ, ನಿಜವಾ? ದುಡ್ಡೆಷ್ಟು? ಹೋಗಿ ಬಂದವರು ದಯವಿಟ್ಟು ಹೇಳಿ. ನಮ್ಮನೆಯವರು "ಸನ್ಯಾಸಿನಿಯಾಗಿ ಬಿಡ್ತೀಯಾ ಹೇಗೆ" ಅಂತ ನಗುತ್ತಿದ್ದಾರೆ.

ಮೈಸೂರ್ ಬೋಂಡ:

ಹೋಗಿಲ್ಲ. ಆದರೆ ಎಲ್ವಿಸ್ ಪ್ರೆಸ್ಲಿ ಜತೆ ಆಕ್ಟ್ ಮಾಡಿದ ಹೀರೋಯಿನ್ ಸನ್ಯಾಸಿನಿ ಆದದ್ದು ಅದೇ ಮಠದಲ್ಲಿ ಅಲ್ವಾ? ಬಲ್ಲವರು ಬರಲಿ, ಕಾಯುತ್ತಿದ್ದೇನೆ.

ಸಿದ್ದಾಪುರದ ಭಾಗಿ:

ಸುಮಾ, ನಾನಿರುವುದು ವಾಟರ್‌ಬರಿ ಕಡೆ. ಆ ಮಠ ನಮಗೆ ಹತ್ತಿರ. ಅತಿಥಿಯಾಗಿ ಉಳಿದಿದ್ದೇನೆ, ಕೆಲವು ಭಾನುವಾರ ಬರೀ ಸಂಜೆಯ ಹಾಡು ಕೇಳಲಿಕ್ಕೂ ಹೋಗುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಧರ್ಮದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಹವ್ಯಕರ ಮನೆ ಹುಡುಗಿ, ಹಣೆಗೆ ಬೊಟ್ಟು ಇಟ್ಟುಕೊಂಡೇ ಹೋದವಳು. ಅತಿಥಿಗಳನ್ನು ನೋಡಿಕೊಳ್ಳುವುದಕ್ಕೆ ಅಂತಲೇ ಒಬ್ಬರು ಮದರ್ ಇರುತ್ತಾರೆ. ಅವರು ನನ್ನ ನಂಬಿಕೆ ಏನು ಅಂತ ಕೇಳಲೇ ಇಲ್ಲ. ಕಳೆ ಕೀಳಲಿಕ್ಕೆ ಬರುತ್ತದಾ ಅಂತ ಕೇಳಿದರು. ಮತಾಂತರದ ಮಾತು ದೂರ ಉಳಿಯಿತು, ಯಾರೂ ಒಂದು ಪುಸ್ತಕ ಸಹ ಕೈಗೆ ಕೊಡಲಿಲ್ಲ.

ಇವರೆಲ್ಲ ನಡೆಯುವುದು ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಇಟಲಿಯಲ್ಲಿ ಬರೆದ ನಿಯಮದ ಪ್ರಕಾರ. ಸಣ್ಣ ಪುಸ್ತಕ, 73 ಅಧ್ಯಾಯ, ಇಂಗ್ಲಿಷಿನಲ್ಲಿ ಎಲ್ಲ ಕಡೆ ಸಿಗುತ್ತದೆ. ಹೋಗುವ ಮುಂಚೆ ಓದಿಕೊಳ್ಳಿ. 53ನೇ ಅಧ್ಯಾಯ ಅತಿಥಿಗಳದ್ದು. ಬಂದವರನ್ನೆಲ್ಲ ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು ಅಂತ ಇದೆ. ಇದಿಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಜಾ ಅನ್ನಿಸಿದ್ದು ಅದೇ ಅಧ್ಯಾಯದ ಕೊನೆ. ಅಪ್ಪಣೆ ಇಲ್ಲದವರು ಅತಿಥಿಗಳ ಜತೆ ಹರಟುತ್ತಾ ನಿಲ್ಲಬಾರದು, ಎದುರು ಸಿಕ್ಕರೆ ನಮಸ್ಕರಿಸಿ, ಆಶೀರ್ವಾದ ಕೇಳಿ, ಮಾತಾಡಲು ಅಪ್ಪಣೆ ಇಲ್ಲ ಎಂದು ಹೇಳಿ ಮುಂದೆ ಹೋಗಬೇಕು ಅಂತಲೂ ಇದೆ. ಅತಿಥಿಗಳು ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಾರೆ, ಮಠದವರ ದಿನ ಕೆಡಬಾರದು, ಅದಕ್ಕೆ ಅವರ ಅಡುಗೆಮನೆಯೇ ಬೇರೆ ಇರಲಿ ಎನ್ನುತ್ತದೆ. ನೆಂಟರನ್ನು ಪ್ರೀತಿಸುವ, ಆದರೆ ನೆಂಟರ ಕಾಟವನ್ನೂ ಬಲ್ಲ ಮನುಷ್ಯ ಬರೆದದ್ದು ಇದು.

ದಿನ ಹೇಗಿರುತ್ತದೆ ಅಂದರೆ, ನಿಮಗಾಗಿ ಅಂತ ಅಲ್ಲಿ ಏನೂ ನಡೆಯುವುದಿಲ್ಲ. ಇದನ್ನು ಸರಿಯಾಗಿ ತಿಳಿದುಕೊಂಡು ಹೋದರೆ ಅರ್ಧ ಕಷ್ಟ ತಪ್ಪುತ್ತದೆ. ನಿಮ್ಮ ಮನಶ್ಶಾಂತಿಗೆ ಅಂತ ಯಾರೂ ಕಾರ್ಯಕ್ರಮ ಹಾಕಿಕೊಂಡಿಲ್ಲ. ಅವರ ದಿನ ನಡೆಯುತ್ತಿರುತ್ತದೆ. ನೀವು ಬಂದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ನನಗೆ ಸುಖ ಕೊಟ್ಟದ್ದು ಅದೇ. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲವೂ ನಾನು ತಳ್ಳಿದರೆ ಮಾತ್ರ ಮುಂದೆ ಹೋಗುತ್ತದೆ ಎಂಬ ಭ್ರಮೆಯಲ್ಲಿ ಇದ್ದವಳು ನಾನು. ಅಲ್ಲಿ ಗಂಟೆ ಹೊಡೆಯುತ್ತದೆ, ಅವರು ಹಾಡುತ್ತಾರೆ. ಅದಕ್ಕೆ ನನ್ನಿಂದ ಏನೂ ಬೇಕಿಲ್ಲ.

ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ಪೂರಾ ಲ್ಯಾಟಿನ್, ಗ್ರೆಗೋರಿಯನ್ ಚಾಂಟ್ ಎಂಬ ಚರ್ಚಿನ ಹಳೆಯ ಹಾಡುಗಾರಿಕೆ. ಪಕ್ಕವಾದ್ಯದ ಅಬ್ಬರ ಇಲ್ಲ. ಎರಡು ಸಾಲು ಎದುರು ಬದುರು, ಒಂದು ಸಾಲು ಅರ್ಧ ಹೇಳಿದರೆ ಇನ್ನೊಂದು ಸಾಲು ಉಳಿದರ್ಧ. ಬೈಬಲಿನ 150 ಕೀರ್ತನೆಗಳೂ ವಾರದೊಳಗೆ ಒಂದು ಸುತ್ತು ಮುಗಿಯಬೇಕು ಎನ್ನುವುದು ಬೆನೆಡಿಕ್ಟರ ಲೆಕ್ಕ. ರಾತ್ರಿ ಎರಡರ ಹೊತ್ತಿಗೆ ಏಳುವುದು ನಿಜ, ಅದು ಮೇಟಿನ್ಸ್. ಆದರೆ ಅದು ಅವರಿಗೆ. ಅತಿಥಿಗಳನ್ನು ಎಬ್ಬಿಸುವವರು ಯಾರೂ ಇಲ್ಲ. ಬೆಳಗಿನ ಬಲಿಪೂಜೆಗೆ (ಇಂಗ್ಲಿಷಿನಲ್ಲಿ ಮಾಸ್ ಅನ್ನುತ್ತಾರಲ್ಲ, ಅದು) ಮತ್ತು ಸಂಜೆ ಐದರ ಸುಮಾರಿಗೆ ವೆಸ್ಪರ್ಸ್‌ಗೆ ಹೋದರೂ ಸಾಕು.

ನನ್ನನ್ನು ಕೇಳಿದರೆ ರಾತ್ರಿ ಮಲಗುವ ಮುಂಚಿನ ಕಾಂಪ್ಲಿನ್ ತಪ್ಪಿಸಬೇಡಿ. ಬೆನೆಡಿಕ್ಟರು ಅದಕ್ಕೆ ಗೊತ್ತುಮಾಡಿದ್ದು ಮೂರೇ ಕೀರ್ತನೆ, 4, 91 ಮತ್ತು 134. ಬದಲಾಯಿಸುವ ಹಾಗಿಲ್ಲ. ಅವರಿಗೆ ಪುಸ್ತಕವೇ ಬೇಡ. ಎರಡನೇ ರಾತ್ರಿಗೆ ನಿಮ್ಮ ಕಿವಿಗೂ ಧಾಟಿ ಹತ್ತಿಕೊಳ್ಳುತ್ತದೆ. ಅದು ಮುಗಿದ ಮೇಲೆ ಬೆಳಗಿನವರೆಗೆ ಮೌನ. ನಿಜವಾದ ಮೌನ, ಪಿಸುಮಾತೂ ಇಲ್ಲ.

ಊಟಕ್ಕೆ ಬರುತ್ತೇನೆ. ನಿಯಮದ 39ನೇ ಅಧ್ಯಾಯದಲ್ಲಿ ಬೇಯಿಸಿದ ಎರಡು ಬಗೆ ಇರಲಿ, ಒಂದು ಸೇರದವರು ಇನ್ನೊಂದನ್ನು ತಿನ್ನಲಿ ಎಂದಿದೆ. ತೀರಾ ಕಾಯಿಲೆಯವರನ್ನು ಬಿಟ್ಟು ಬೇರೆ ಯಾರೂ ನಾಲ್ಕು ಕಾಲಿನ ಪ್ರಾಣಿಯ ಮಾಂಸ ತಿನ್ನಬಾರದು ಅಂತಲೂ ಇದೆ. ಆದರೆ ಈಗ ಬಹಳ ಮಠಗಳಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ರೆಜಿನಾ ಲೌಡಿಸ್‌ನಲ್ಲಿ ಹಾಲಿಗೂ ದನ ಸಾಕುತ್ತಾರೆ, ಮಾಂಸಕ್ಕೂ ಸಾಕುತ್ತಾರೆ. ಇದು ನಿಮಗೆ ಮೊದಲೇ ಗೊತ್ತಿರಲಿ, ಅಲ್ಲಿ ಹೋಗಿ ಮುಖ ಸಣ್ಣ ಮಾಡಿಕೊಳ್ಳಬೇಡಿ. ನನಗೆ ಮೊದಲ ದಿನ ಆ ದನಗಳನ್ನು ನೋಡಿ ಹೊಟ್ಟೆ ತೊಳಸಿತು, ಸುಳ್ಳು ಯಾಕೆ ಹೇಳಲಿ. ಸಸ್ಯಾಹಾರಿ ಅಂತ ಮುಂಚೆಯೇ ಬರೆದು ತಿಳಿಸಿ. ನನಗೆ ಅವರದೇ ತೋಟದ ತರಕಾರಿ, ಬ್ರೆಡ್ಡು, ಸೂಪು, ಮತ್ತೆ ಚೀಸ್ ಸಿಕ್ಕಿತು.

ಆ ಚೀಸ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಸುವಿನ ಕೊಟ್ಟಿಗೆಯಲ್ಲೇ ಬೆಳೆದವಳಿಗೆ ಇಂಥದ್ದರಲ್ಲಿ ಆಸೆ ಜಾಸ್ತಿ. ಅಲ್ಲಿ ಮದರ್ ನೊಯೆಲ್ಲಾ ಮಾರ್ಸೆಲ್ಲಿನೋ ಅಂತ ಇದ್ದಾರೆ. ಫ್ರಾನ್ಸ್‌ನ ಓವರ್ನ್ಯ ಸೀಮೆಯ ಹೆಂಗಸೊಬ್ಬರಿಂದ ಸೇಂಟ್ ನೆಕ್ಟೇರ್ ಬಗೆಯ ಚೀಸ್ ಮಾಡಲು ಕಲಿತರು. ಕಾಯಿಸದ ಹಾಲು, ಮರದ ಪೀಪಾಯಿ. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚೀಸ್ ತಿಂದು ಲಿಸ್ಟೀರಿಯಾ ಎಂಬ ರೋಗಾಣು ತಗಲಿ ಜನ ಸತ್ತರು. ಆಮೇಲೆ ಆರೋಗ್ಯ ಇಲಾಖೆಯವರು ಮರ ಬೇಡ, ಸ್ಟೀಲ್ ಪಾತ್ರೆ ಇಡಿ ಅಂದರು. ಇವರು ಜಗಳ ಆಡಲಿಲ್ಲ. ಹಾಲಿಗೆ ಬೇಕೆಂದೇ ಇ-ಕೋಲಿ ಸೇರಿಸಿ, ಒಂದು ಚೀಸ್ ಮರದಲ್ಲಿ, ಒಂದು ಸ್ಟೀಲಿನಲ್ಲಿ ಮಾಡಿ ತೋರಿಸಿದರು. ಸ್ಟೀಲಿನದರಲ್ಲಿ ರೋಗಾಣು ತುಂಬಿಕೊಂಡಿತ್ತು, ಮರದ್ದರಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಮರದ ಸಂದಿಗಳಲ್ಲಿ ಮನೆ ಮಾಡಿಕೊಂಡಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಹಾಲನ್ನು ಬೇಗ ಹುಳಿ ಮಾಡಿ ಕೆಟ್ಟದ್ದನ್ನು ಕೊಂದುಬಿಡುತ್ತಿತ್ತು. ನಮ್ಮಮ್ಮನ ಮೊಸರಿನ ಮರಿಗೆಯ ಹಾಗೆ, ತೊಳೆದರೂ ಹೆಪ್ಪು ಒಳಗೇ ಉಳಿದಿರುತ್ತದೆ. ಆಮೇಲೆ ಅವರು ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಾಣುಗಳ ಮೇಲೆ ಪಿಎಚ್‌ಡಿ ಮಾಡಿದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಫ್ರಾನ್ಸ್‌ಗೆ ಹೋಗಿ ನೆಲಮಾಳಿಗೆಗಳಲ್ಲಿ ಚೀಸಿನ ಮೇಲೆ ಬೆಳೆಯುವ ಬೂಷ್ಟಿನ ಮಾದರಿ ಕಲೆಹಾಕಿದರು.

ದುಡ್ಡು: ನಾನು ಹೋದಾಗ ಇಷ್ಟೇ ಕೊಡಿ ಅಂತ ಇರಲಿಲ್ಲ, ಕಾಣಿಕೆ ಕೊಟ್ಟು ಬಂದೆ. ಈಗಿನದ್ದು ಅವರನ್ನೇ ಕೇಳಿ. ಮೊದಲೇ ಬರೆದು ಜಾಗ ಇದೆಯಾ ಅಂತ ತಿಳಿಯಬೇಕು, ಹೋಟೆಲಿನ ಹಾಗೆ ಹೋಗಿ ನಿಲ್ಲುವಂತಿಲ್ಲ. ಯಾಕೆ ಬರುತ್ತೀರಿ ಅಂತ ಕೇಳಿದರೆ ನೀವು ಇಲ್ಲಿ ಬರೆದದ್ದನ್ನೇ ಬರೆಯಿರಿ, ಸಾಕು.

ಇನ್ನೊಂದು ಮುಖ್ಯ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಕೆಲಸ ಮಾಡಿದರೆ ಉದ್ದ ಪ್ಯಾಂಟು, ಕಾಲುಚೀಲದೊಳಗೆ ತುದಿ ಸೇರಿಸಿ. ಉಣ್ಣಿ ಕಚ್ಚಿ ಬರುವ ಲೈಮ್ ರೋಗಕ್ಕೆ ಹೆಸರು ಕೊಟ್ಟ ಲೈಮ್ ಎಂಬ ಊರು ಇದೇ ಕನೆಕ್ಟಿಕಟ್‌ನಲ್ಲಿರುವುದು. ಸಂಜೆ ಸ್ನಾನದ ಹೊತ್ತಿಗೆ ಮೈಮೇಲೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಮೊಣಕಾಲಿನ ಹಿಂದೆ, ಕಿವಿಯ ಹಿಂದೆ, ಕೂದಲ ಬುಡದಲ್ಲಿ. ಎಳ್ಳುಕಾಳಿಗಿಂತ ಸಣ್ಣದಿರುತ್ತದೆ. ಅಡಿಕೆ ತೋಟದಲ್ಲಿ ಉಂಬಳ ಕಿತ್ತು ಎಸೆದ ಧೈರ್ಯ ಇದಕ್ಕೆ ಸಾಲದು.

ನೇರಮಾತು:

ಎಲ್ಲ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೊಂದು ಅರ್ಥವಾಗುವುದಿಲ್ಲ. ಪಿಎಚ್‌ಡಿ ಮಾಡಿದ ಹೆಂಗಸು ಹೊರಗಿನವರಿಂದ ಬೇರೆ ಮಾಡುವ ಜಾಲರಿ ಹಿಂದೆ ಕೂತು ಲ್ಯಾಟಿನ್ ಹಾಡುವುದು ವ್ಯರ್ಥ ಅಲ್ವಾ? ನಮ್ಮೂರಿನ ಕಾನ್ವೆಂಟ್ ಸಿಸ್ಟರುಗಳು ಶಾಲೆ ನಡೆಸುತ್ತಾರೆ, ಆಸ್ಪತ್ರೆ ನಡೆಸುತ್ತಾರೆ. ಇವರಿಂದ ಯಾರಿಗೆ ಏನು ಉಪಯೋಗ? ಮತ್ತೆ ಅತಿಥಿಗಳಿಂದ ಬಿಟ್ಟಿ ಕೆಲಸ ಬೇರೆ.

ಕೆಂಗೇರಿ ಜೋ:

ಸರ್, ಕಾನ್ವೆಂಟ್ ಸಿಸ್ಟರುಗಳದ್ದು ಬೇರೆ ದಾರಿ, ಇವರದ್ದು ಬೇರೆ. ಸೇವೆಗೆ ಅಂತ ಹೊರಗೆ ಬರುವ ಸನ್ಯಾಸಿನಿಯರ ಸಂಘಗಳು ಹೆಚ್ಚಿನವು ಇತ್ತೀಚಿನವು. ಮಠದೊಳಗೇ ಇದ್ದು ಪ್ರಾರ್ಥನೆಯನ್ನೇ ಕೆಲಸ ಮಾಡಿಕೊಂಡ ಬೆನೆಡಿಕ್ಟರ ದಾರಿ ಅದಕ್ಕಿಂತ ಎಷ್ಟೋ ಹಳೆಯದು. ನಮ್ಮ ಕ್ಯಾಥೊಲಿಕ್ ಮನೆಗಳಲ್ಲೂ ಬಹಳ ಜನಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ.

ಸುಮಾ ಅವರೇ, ಒಂದು ಸೂಚನೆ. ಬಲಿಪೂಜೆಗೆ ಯಾರು ಬೇಕಾದರೂ ಕೂರಬಹುದು. ಆದರೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ರೊಟ್ಟಿ, ತೆಗೆದುಕೊಳ್ಳಲು ಸಾಲು ನಿಂತಾಗ ನೀವು ಕೂತಲ್ಲೇ ಇರಿ. ಅದು ಕ್ಯಾಥೊಲಿಕರಿಗೆ ಮಾತ್ರ. ದೇವಸ್ಥಾನದ ಪ್ರಸಾದ ಅಂತ ತಿಳಿದು ಕೈ ಚಾಚುವವರಿದ್ದಾರೆ, ಆಮೇಲೆ ಎರಡೂ ಕಡೆ ಮುಜುಗರ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಶಿಲುಬೆ ಗುರುತು ಹಾಕಲೇಬೇಕು ಅಂತೇನಿಲ್ಲ.

ಊರಿಗೆ ಬಂದಾಗ ನೋಡಬೇಕು ಅಂದರೆ ಬೆಂಗಳೂರಿನಲ್ಲೂ ಬೆನೆಡಿಕ್ಟರಿದ್ದಾರೆ. ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ಆಶೀರ್ವನಂ, ಅದು ಗಂಡಸರ ಮಠ. ಹೆಂಗಸರದ್ದು ಶಾಂತಿ ನಿಲಯಂ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ರೈಡ್ ಊರಿನ ಸೇಂಟ್ ಸಿಸಿಲಿಯಾ ಮಠದಲ್ಲಿ ತರಬೇತಿ ಪಡೆದು ಬಂದ ಭಾರತದ ಹೆಣ್ಣುಮಕ್ಕಳಿಂದ ಶುರುವಾದದ್ದು. ಆಶೀರ್ವನಕ್ಕೆ ನಾನು ಹೋಗುತ್ತಿರುತ್ತೇನೆ. ರಸ್ತೆಯ ಲಾರಿ ಹಾರ್ನ್ ಬಿಟ್ಟು ಒಳಗೆ ಸ್ವಲ್ಪ ನಡೆದರೆ ಸಾಕು, ಬೇರೆ ಊರೇ.

ಸಿದ್ದಾಪುರದ ಭಾಗಿ:

ಜೋ, ಥ್ಯಾಂಕ್ಸ್. ಪರಮಪ್ರಸಾದದ ಮಾತು ಹೇಳಿದ್ದು ಒಳ್ಳೆಯದಾಯಿತು.

ನೇರಮಾತು ಅವರಿಗೆ: ಜಾಲರಿ ನೋಡಿದರೆ ನನಗೂ ಕಸಿವಿಸಿ ಆಗುತ್ತದೆ. ಪ್ರಾರ್ಥನಾಮಂದಿರದಲ್ಲಿ ಅವರ ಭಾಗಕ್ಕೂ ನಮ್ಮ ಭಾಗಕ್ಕೂ ಮಧ್ಯೆ ಅದು ಇದೆ. ಅದರ ಬಗ್ಗೆ ಅಲ್ಲಿನ ಮದರ್ ಒಬ್ಬರು ವಿವರಿಸಿದರು, ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದು ಹಾಗಿರಲಿ.

ಆದರೆ "ವ್ಯರ್ಥ" ಅನ್ನುವ ಮೊದಲು ಈ ಮಠ ಕಟ್ಟಿದವರ ಕತೆ ಕೇಳಿ. ಮದರ್ ಬೆನೆಡಿಕ್ಟ್ ಡಸ್, ಹುಟ್ಟಿದ್ದು 1910ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಫ್ರಾನ್ಸ್‌ನಲ್ಲಿ. ಪ್ಯಾರಿಸ್‌ನಲ್ಲಿ ಓದಿ ಡಾಕ್ಟರಾದ ವರ್ಷವೇ, 1936ರಲ್ಲಿ, ಜುವಾರ್ ಎಂಬ ಊರಿನ ಮಠ ಸೇರಿದರು. 7ನೇ ಶತಮಾನದಿಂದ ಇರುವ ಮಠ ಅದು. ಯುದ್ಧ ಬಂತು. ಜರ್ಮನರು ಊರಿಗೆ ಬಂದರು. ಅಮೆರಿಕದ ಪ್ರಜೆ ಅಂತ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಇವರನ್ನು ಹುಡುಕುತ್ತಿತ್ತು, ಮಠದೊಳಗೇ ಅಡಗಿ ಇದ್ದರು. 1944ರ ಆಗಸ್ಟ್‌ನಲ್ಲಿ ಊರು ಬಿಡುಗಡೆಯಾದಾಗ ಗೋಪುರ ಹತ್ತಿ ನೋಡಿದರೆ ಕೆಳಗೆ ಬರುತ್ತಿದ್ದದ್ದು ಅಮೆರಿಕದ ಸೈನ್ಯ, ಜನರಲ್ ಪ್ಯಾಟನ್‌ನದು. ಋಣ ತೀರಿಸಲು ಅಮೆರಿಕದಲ್ಲಿ ಒಂದು ಮಠ ಕಟ್ಟುತ್ತೇನೆ ಅಂತ ಅಲ್ಲೇ ಗಟ್ಟಿಮಾಡಿಕೊಂಡರು. 1946ರಲ್ಲಿ ಇನ್ನೊಬ್ಬ ಸನ್ಯಾಸಿನಿಯ ಜತೆ ಹಡಗು ಹತ್ತಿದರು, ಕೈಯಲ್ಲಿ ಹೆಚ್ಚು ದುಡ್ಡಿರಲಿಲ್ಲ. ಬೆಥ್ಲೆಹೆಮ್‌ನಲ್ಲಿ ಲಾರೆನ್ ಫೋರ್ಡ್ ಎಂಬ ಚಿತ್ರಕಲಾವಿದೆ ಮನೆಯಲ್ಲಿ ಇಟ್ಟುಕೊಂಡರು, ರಾಬರ್ಟ್ ಲೆದರ್ ಎಂಬ ಉದ್ಯಮಿ ಗುಡ್ಡದ ಜಾಗ ಕೊಟ್ಟರು. 1947ರಲ್ಲಿ ಮಠ ಶುರು. ಆ ಜನರಲ್‌ನ ಮೊಮ್ಮಗಳೇ ಮುಂದೆ ಇಲ್ಲಿ ಸನ್ಯಾಸಿನಿಯಾಗಿ ಸೇರಿದಳು, ಕೇಳಿದರೆ ಕಟ್ಟುಕತೆ ಅನ್ನಬೇಕು. ಮದರ್ ಬೆನೆಡಿಕ್ಟ್ ತೀರಿಕೊಂಡದ್ದು 2005ರಲ್ಲಿ. ನೂರಾರು ಎಕರೆ ಜಾಗ, ದನ, ಕಾಡು, ಕಮ್ಮಾರಸಾಲೆ, ಎಲ್ಲವನ್ನೂ ಹೆಂಗಸರೇ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಓದಿದ ಸೊಸೆಯನ್ನು ತಂದು ಅಡುಗೆಮನೆಯಲ್ಲಿ ಕೂರಿಸಿದರೆ ಯಾರೂ ವ್ಯರ್ಥ ಅನ್ನುವುದಿಲ್ಲ, ಅಲ್ವಾ?

ಒತ್ತಾಯದಿಂದ ಸೇರಿಸುತ್ತಾರೇನೋ ಎನ್ನುವ ಅನುಮಾನ ಇದ್ದರೆ ನಿಯಮದ 58ನೇ ಅಧ್ಯಾಯ ನೋಡಿ. ಸೇರಲು ಬಂದವರನ್ನು ಸುಲಭಕ್ಕೆ ಒಳಗೆ ಬಿಡಬೇಡಿ ಅನ್ನುತ್ತದೆ. ನಾಲ್ಕೈದು ದಿನ ಬಾಗಿಲು ಬಡಿಯಲಿ. ಆಮೇಲೆ ಒಂದು ವರ್ಷದ ಅವಧಿಯಲ್ಲಿ ಮೂರು ಸಲ ನಿಯಮ ಓದಿ ಹೇಳಿ, ಆಗುತ್ತದಾದರೆ ಇರು, ಆಗದಿದ್ದರೆ ಹೋಗು ಅನ್ನಿ. ಈಗಂತೂ ಕೊನೆಯ ವ್ರತಕ್ಕೆ ವರ್ಷಗಟ್ಟಲೆ ಕಾಯಬೇಕು.

ಬೋಂಡ ಅವರೇ, ನೀವು ಕೇಳಿದ್ದು ಡೊಲೊರೆಸ್ ಹಾರ್ಟ್. ಹೌದು, ಇಲ್ಲೇ. ಎಲ್ವಿಸ್ ಜತೆ ಎರಡು ಸಿನಿಮಾ. 1963ರಲ್ಲಿ, 24ನೇ ವಯಸ್ಸಿಗೆ ಬಂದು ಸೇರಿದರು. ಮದುವೆ ಗೊತ್ತಾಗಿತ್ತು. ಆ ಹುಡುಗ ಬೇರೆ ಮದುವೆಯೇ ಆಗಲಿಲ್ಲ, 2011ರಲ್ಲಿ ಸಾಯುವವರೆಗೂ ಮಠಕ್ಕೆ ಬಂದು ಇವರನ್ನು ನೋಡಿಕೊಂಡು ಹೋಗುತ್ತಿದ್ದರು. ಆಕೆ 2001ರಿಂದ 2015ರವರೆಗೆ ಪ್ರಯರೆಸ್, ಅಂದರೆ ಹಿರಿಯ ಮದರ್‌ಗೆ ಎರಡನೆಯವರು. ಸುಮಾ, ಅವರನ್ನು ನೋಡಲಿಕ್ಕೆ ಅಂತ ಮಾತ್ರ ಹೋಗಬೇಡಿ. ಅಂಥವರು ಬರುತ್ತಾರೆ, ಫೋನ್ ಹಿಡಿದು ತಿರುಗುತ್ತಾರೆ, ನೋಡಲು ಚೆನ್ನಾಗಿರುವುದಿಲ್ಲ.

ನೇರಮಾತು ಅವರೇ, ಬಿಟ್ಟಿ ಕೆಲಸದ ಬಗ್ಗೆ ಮಾತ್ರ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ನನಗೆ ಆ ಜಾಗ ಹಿಡಿಸಿದ್ದೇ ಕೆಲಸದಿಂದ. ಬೆಳ್ಳುಳ್ಳಿ ಪಾತಿಯಲ್ಲಿ ಕಳೆ ಕೀಳಲು ಒಬ್ಬರು ಮದರ್ ಜತೆ ಹಾಕಿದರು. ಕಪ್ಪು ನಿಲುವಂಗಿಯ ಮೇಲೆ ಡೆನಿಮ್ ಬಟ್ಟೆಯ ಉದ್ದ ಏಪ್ರನ್, ಕಾಲಿಗೆ ರಬ್ಬರ್ ಬೂಟು. ಬೇರು ಸಮೇತ ಕೀಳು ಅಂತ ಒಂದು ಸಲ ತೋರಿಸಿದರು. ನಾನು ಬರೀ ತಲೆ ಕಿತ್ತದ್ದು ಕಂಡರೆ ಏನೂ ಹೇಳದೆ ನನ್ನ ಸಾಲಿಗೆ ಬಂದು ಬೇರು ತೆಗೆದು ತಮ್ಮ ಸಾಲಿಗೆ ಹೋಗುವರು. ಗಂಟೆ ಹೊಡೆಯಿತು. ಪಾತಿಯಲ್ಲಿ ಇನ್ನು ಒಂದು ಮಾರು ಉಳಿದಿತ್ತು, ಅಷ್ಟೇ. ಮುಗಿಸಿಬಿಡೋಣ ಅಂದೆ. ಅವರು ಕೈ ಕೊಡವಿ, ಗುದ್ದಲಿ ಒರಗಿಸಿ, "ನಾಳೆ" ಅಂತ ಹೇಳಿ ಹೊರಟೇಬಿಟ್ಟರು. ಆ ಒಂದು ಮಾರು ನನ್ನ ಕಣ್ಣು ಚುಚ್ಚುತ್ತಿತ್ತು. ಕೆಲಸ ಮುಗಿಸದೆ ಏಳುವುದು ನನಗೆ ಯಾವಾಗಲೂ ಆಗದ ಮಾತು. ನಿಯಮದ 43ನೇ ಅಧ್ಯಾಯದಲ್ಲಿ ಇದೆ, ಪ್ರಾರ್ಥನೆಯ ಕರೆ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಬಿಟ್ಟು ಬರಬೇಕು ಅಂತ. ಓದಿದಾಗ ತಲೆಗೆ ಹೋಗಿರಲಿಲ್ಲ.

ನೇರಮಾತು:

ಸೊಸೆಯ ಮಾತು ಒಪ್ಪಿದೆ. ಜಾಲರಿ ಒಪ್ಪುವುದಿಲ್ಲ.

ಬನಶಂಕರಿ ಸುಮಾ:

ಭಾಗಿ ಅಕ್ಕ, ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಜೋ ಅವರಿಗೂ. ಇವತ್ತೇ ಮಠಕ್ಕೆ ಬರೆಯುತ್ತೇನೆ. ಇನ್ನೆರಡು ಪ್ರಶ್ನೆ, ನಗಬೇಡಿ. ಕಾಫಿ ಪುಡಿ, ಫಿಲ್ಟರ್ ತೆಗೆದುಕೊಂಡು ಹೋಗಬಹುದಾ? ಮತ್ತೆ ಯಾವ ತಿಂಗಳು ಒಳ್ಳೆಯದು?

ಸಿದ್ದಾಪುರದ ಭಾಗಿ:

ಫಿಲ್ಟರ್ ನಾನೂ ಒಯ್ದಿದ್ದೆ. ಅತಿಥಿಗಳ ಅಡುಗೆಮನೆಯಲ್ಲಿ ರಾತ್ರಿಯೇ ಡಿಕಾಕ್ಷನ್ ಹಾಕಿಟ್ಟೆ, ಯಾರೂ ಏನೂ ಅನ್ನಲಿಲ್ಲ. ಬೆಳಗ್ಗೆ ಫಿಲಡೆಲ್ಫಿಯಾದಿಂದ ಬಂದಿದ್ದ ಅತಿಥಿಯೊಬ್ಬಳಿಗೂ ಕೊಟ್ಟೆ. ಪುಡಿ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಮೇ ಕೊನೆ ಇಲ್ಲವೇ ಸೆಪ್ಟೆಂಬರ್. ಆಗಸ್ಟ್‌ನಲ್ಲಿ ಅವರ ವಾರ್ಷಿಕ ಜಾತ್ರೆ ಇರುತ್ತದೆ, ಜನ ಜಾಸ್ತಿ, ಆಗ ಬೇಡ. ಚಳಿಗಾಲದಲ್ಲಿ ಗುಡ್ಡದ ರಸ್ತೆ ಹಿಮದಲ್ಲಿ ಜಾರುತ್ತದೆ, ನಿಮ್ಮದು ಯಾವ ಕಾರೋ ಗೊತ್ತಿಲ್ಲ. ಹಳೇ ಕೊಟ್ಟಿಗೆಯೊಂದರಲ್ಲಿ 18ನೇ ಶತಮಾನದ ನೇಪಲ್ಸ್ ಗೋದಲಿ (ಯೇಸು ಹುಟ್ಟಿದ ದೃಶ್ಯದ ಗೊಂಬೆಗಳು) ಇಟ್ಟಿದ್ದಾರೆ, ತೆರೆದಿದ್ದರೆ ಒಂದು ಗಳಿಗೆ ನೋಡಿ. ಬೆಳ್ಳುಳ್ಳಿ, ದನ, ಕೋಣೆ ಒರೆಸುವುದು, ಯಾವ ಕೆಲಸ ಸಿಗುತ್ತದೆ ಹೇಳಲಾಗದು, ಕೇಳಿದ ಕೂಡಲೇ ಡೇರಿಗೆ ಕಳಿಸುತ್ತಾರೆ ಅಂತ ಅಂದುಕೊಳ್ಳಬೇಡಿ. ಬೂಟು ಮಾತ್ರ ನಿಮ್ಮದೇ ಒಯ್ಯಿರಿ. ಅಲ್ಲಿ ಇಟ್ಟಿರುವುದೆಲ್ಲ ದೊಡ್ಡ ದೊಡ್ಡ ಸೈಜು.